ಕಂಡೂ ಕಾಣದ ಸವಾರ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ನಾನು ಶಾಲೆಯ ಗತಕಾಲವನ್ನು ಕುರಿತು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಆ ಕೆಲಸವನ್ನು ನನಗಿಂತ ಸಮರ್ಥವಾಗಿ ಮಾಡಬಲ್ಲವರು ಇದೇ ಸಂಚಿಕೆಯಲ್ಲಿದ್ದಾರೆ. ನಾನು ಆರಿಸಿಕೊಂಡಿರುವುದು ಮೋಟಾರ್ ಸೈಕಲ್ ಸವಾರಿಯ ವಿಷಯ. ಶಾಲೆಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಹಳೆಯ ವಿದ್ಯಾರ್ಥಿಗಳ ಹೆಸರುಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ಈ ಸಂದರ್ಭದಲ್ಲಿ ನನ್ನ ಪಾಲಿಗೆ ಬಂದಿತ್ತು. ಕೆಲವು ಹೆಸರುಗಳ ಹಿಂದೆ ‘ದಿವಂಗತ’ ಎಂಬ ಪದವನ್ನು ಸೇರಿಸಬೇಕಾಯಿತು. ಅವುಗಳಲ್ಲಿ ಮೂರು ಹೆಸರುಗಳು ಮೂವತ್ತು ವರ್ಷ ತುಂಬದವರವು. ಮೂವರೂ ದ್ವಿಚಕ್ರ ವಾಹನದ ಮೇಲಿದ್ದಾಗ ಕಾರು ಬಡಿದು ತೀರಿಕೊಂಡವರು. ಮೂವರೂ ಕುಡಿದವರಲ್ಲ, ಹುಚ್ಚು ವೇಗದವರೂ ಅಲ್ಲ. ಮೂರು ಪ್ರಕರಣಗಳಲ್ಲಿಯೂ ಕಾರಿನ ಚಾಲಕರು ಹೇಳಿದ ಮಾತು ಒಂದೇ ಆಗಿತ್ತು: “ನಾನು ಅವನನ್ನು ನೋಡಲೇ ಇಲ್ಲ.”

ಈ ಮಾತನ್ನು ನುಣುಚಿಕೊಳ್ಳುವವನ ಸುಳ್ಳೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಎಷ್ಟೋ ಸಲ ಅಕ್ಷರಶಃ ನಿಜ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ, 1981ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಅವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು, ಮತ್ತೊಂದು ವಾಹನದೊಡನೆ ಆದ ಡಿಕ್ಕಿಗಳು. ಅಂತಹ ಡಿಕ್ಕಿಗಳ ಪೈಕಿ ಮೂರರಲ್ಲಿ ಎರಡು ಪಾಲಿನಲ್ಲಿ, ಸವಾರನಿಗೆ ಸಲ್ಲಬೇಕಾಗಿದ್ದ ದಾರಿಯನ್ನು ಎದುರಿನ ವಾಹನದವನೇ ಕಸಿದುಕೊಂಡಿದ್ದನು. ಹಾಗೆ ಮಾಡಿದವರಲ್ಲಿ ಬಹುಮಂದಿ ಮೋಟಾರ್ ಸೈಕಲನ್ನು ಕಾಣಲೇ ಇಲ್ಲ, ಅಥವಾ ಕಂಡಾಗ ಹೊತ್ತು ಮೀರಿತ್ತು. ನಮ್ಮ ದೇಶದ ಲೆಕ್ಕ ಇನ್ನೂ ಕಠೋರವಾದುದು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದ 1,68,491 ಜನರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು.

ಹಾಗಾದರೆ ಕಣ್ಣಿದ್ದ ಚಾಲಕನಿಗೆ, ಹಗಲು ಹೊತ್ತಿನಲ್ಲಿ, ಎದುರಿಗೆ ಬರುವ ಸವಾರ ಏಕೆ ಕಾಣುವುದಿಲ್ಲ?

ನಮ್ಮ ಕಣ್ಣು ಎಲ್ಲವನ್ನೂ ಒಂದೇ ಸಮನೆ ಸ್ಪಷ್ಟವಾಗಿ ನೋಡುವ ಯಂತ್ರವಲ್ಲ. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿರಿ. ಹೆಚ್ಚುಕಡಮೆ ಅಷ್ಟು ಅಗಲದ ಜಾಗವನ್ನು ಮಾತ್ರ ಕಣ್ಣು ತೀಕ್ಷ್ಣವಾಗಿ ಕಾಣಬಲ್ಲುದು. ಉಳಿದುದೆಲ್ಲ ಮಸುಕು. ಈ ಕೊರತೆಯನ್ನು ತುಂಬಿಕೊಳ್ಳಲು ಕಣ್ಣು ಸೆಕೆಂಡಿಗೆ ಎರಡು ಮೂರು ಬಾರಿ ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುತ್ತಿರುತ್ತದೆ. ನೆಗೆಯುವ ಆ ಕ್ಷಣದಲ್ಲಿ ಮೆದುಳು ದೃಷ್ಟಿಯನ್ನು ಅದುಮಿಡುತ್ತದೆ. ಅಡ್ಡರಸ್ತೆಯಲ್ಲಿ ನಿಂತ ಚಾಲಕನು ಬಲಕ್ಕೊಮ್ಮೆ, ಎಡಕ್ಕೊಮ್ಮೆ ಸರಕ್ಕನೆ ಕತ್ತು ತಿರುಗಿಸಿದಾಗ, ಎರಡು ನೋಟಗಳ ನಡುವಿನ ಜಾಗದಲ್ಲಿ ಒಬ್ಬ ಸವಾರ ಸುಲಭವಾಗಿ ಕಳೆದುಹೋಗುತ್ತಾನೆ. ಬಸ್ಸಾದರೆ ಹೀಗೆ ಕಳೆದುಹೋಗುವುದಿಲ್ಲ. ಕಾರಿನ ಅಗಲದಲ್ಲಿ ಮೋಟಾರ್ ಸೈಕಲಿನ ಅಗಲ ಅರ್ಧಕ್ಕಿಂತಲೂ ಕಡಮೆ.

ಇದರ ಮೇಲೆ ಕಾರಿನ ಮುಂಗಾಜಿನ ಎರಡು ಬದಿಗಳಲ್ಲಿರುವ ಕಂಬಗಳಿವೆ. ಸ್ವಲ್ಪ ದೂರದಲ್ಲಿರುವ ಸವಾರನನ್ನು ಬಂಡಿಯ ಸಮೇತ ಮರೆಮಾಡಲು ಒಂದು ಕಂಬ ಸಾಕು. ನಮ್ಮಲ್ಲಿ ಚಾಲಕನು ಬಲಗಡೆ ಕೂರುವುದರಿಂದ ಬಲಗಡೆಯ ಕಂಬ ಅವನ ಕಣ್ಣಿಗೆ ಹತ್ತಿರ, ಆದುದರಿಂದ ಅದು ಮುಚ್ಚುವ ಜಾಗವೂ ದೊಡ್ಡದು. ಬಲಕ್ಕೆ ಹೊರಳುವ ತಿರುವಿನಲ್ಲಿ ಎದುರಿನ ವಾಹನ ಬರುವುದು ಆ ಕಂಬದ ಹಿಂದಿನಿಂದಲೇ. ಇನ್ನೂ ಒಂದು ವಿಚಿತ್ರವಿದೆ. ಎರಡು ವಾಹನಗಳು ಒಂದೇ ಬಿಂದುವಿನಲ್ಲಿ ಸಂಧಿಸುವಂತೆ ಚಲಿಸುತ್ತಿದ್ದರೆ, ಒಂದರಿಂದ ನೋಡುವವನಿಗೆ ಇನ್ನೊಂದು ಗಾಜಿನ ಮೇಲೆ ಅತ್ತಿತ್ತ ಸರಿಯುವುದೇ ಇಲ್ಲ. ಇದ್ದಲ್ಲೇ ಇದ್ದು, ಮೆಲ್ಲಗೆ ದೊಡ್ಡದಾಗುತ್ತದೆ. ಚಲಿಸುವುದನ್ನು ಥಟ್ಟನೆ ಗುರುತಿಸುವ ಕಣ್ಣು, ಇದ್ದಲ್ಲೇ ಇರುವುದನ್ನು ಗಿಡವೋ ಕಂಬವೋ ಎಂದು ಬಿಟ್ಟುಬಿಡುತ್ತದೆ. ಹೀಗಾಗಿ ನಮಗೆ ಬಡಿಯಲಿರುವ ವಾಹನದ ಚಾಲಕನಿಗೇ ನಾವು ಕಾಣುವುದು ಕಷ್ಟ. ಅಡ್ಡರಸ್ತೆಯಲ್ಲಿ ಕಾರೊಂದು ಕಾಯುತ್ತಿರುವುದನ್ನು ಕಂಡೊಡನೆ ವೇಗವನ್ನು ತಗ್ಗಿಸಿ, ನಮ್ಮ ಪಾಲಿನ ರಸ್ತೆಯ ಅಗಲದೊಳಗೇ ಸ್ವಲ್ಪ ಪಕ್ಕಕ್ಕೆ ಸರಿದರೆ, ಆ ಸರಿಯುವಿಕೆಯೇ ಚಾಲಕನ ಕಣ್ಣನ್ನು ಸೆಳೆಯುತ್ತದೆ. ಕಂಬದ ಮರೆಯಿಂದಲೂ ಹೊರಬಂದಂತಾಗುತ್ತದೆ.

ಕಂಡರೂ ಅಂದಾಜು ತಪ್ಪುವುದು ಬೇರೆಯ ಮಾತು. ರಾತ್ರಿ ಎದುರಿಗೆ ಬರುವ ಕಾರಿನ ಎರಡು ದೀಪಗಳು ಹತ್ತಿರವಾದಂತೆ ಒಂದರಿಂದೊಂದು ಅಗಲುತ್ತವೆ. ಅದು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ನಾವು ಆ ಅಗಲುವಿಕೆಯಿಂದಲೇ ಅರಿಯುತ್ತೇವೆ. ಮೋಟಾರ್ ಸೈಕಲಿಗೆ ಇರುವುದು ಒಂಟಿ ದೀಪ. ಅದು ಅಗಲುವುದಿಲ್ಲ. ಹಗಲಿನಲ್ಲಿಯೂ ಚಿಕ್ಕ ವಸ್ತು ದೊಡ್ಡ ವಸ್ತುವಿಗಿಂತ ದೂರದಲ್ಲಿರುವಂತೆಯೂ ನಿಧಾನವಾಗಿ ಬರುತ್ತಿರುವಂತೆಯೂ ತೋರುತ್ತದೆ. “ಇನ್ನೂ ದೂರವಿದ್ದಾನೆ” ಎಂದು ಕಾರಿನವನು ಬಲಕ್ಕೆ ತಿರುಗಿಸಿರುತ್ತಾನೆ. ಸವಾರ ಅಷ್ಟರಲ್ಲಿ ಬಂದೇಬಿಟ್ಟಿರುತ್ತಾನೆ. ಆದುದರಿಂದ ಚಾಲಕ ನಮ್ಮ ಕಡೆ ಮುಖ ಮಾಡಿದನೆಂದ ಮಾತ್ರಕ್ಕೆ ನಮ್ಮನ್ನು ಕಂಡನೆಂದು ನಂಬತಕ್ಕದ್ದಲ್ಲ. ಅವನ ಮುಖಕ್ಕಿಂತ ಕಾರಿನ ಮುಂಚಕ್ರವನ್ನು ಗಮನಿಸುವುದು ಮೇಲು. ಕಾರು ಹೊರಡುವ ಸುಳಿವನ್ನು ಮೊದಲು ಕೊಡುವುದು ಚಕ್ರ.

ಇದೆಲ್ಲವೂ ಬಯಲುಸೀಮೆಗೂ ಅನ್ವಯಿಸುವ ಮಾತಾಯಿತು. ನಮ್ಮ ನೀಲಗಿರಿಯ ರಸ್ತೆಗಳಲ್ಲಿ ಇದಕ್ಕೆ ತಿರುವು, ಮಂಜು, ಮಳೆ, ನೆರಳು ಇವು ನಾಲ್ಕೂ ಸೇರಿಕೊಳ್ಳುತ್ತವೆ.

ಉದಗಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದ್ದರೆ ಮಸಿನಗುಡಿ ಸಾವಿರ ಮೀಟರಿನ ಆಸುಪಾಸಿನಲ್ಲಿದೆ. ತಲೈಕುಂದಾದಿಂದ ಕಲ್ಹಟ್ಟಿಯ ಮೂಲಕ ಇಳಿಯುವ ಘಾಟಿ ಈ ಅಂತರವನ್ನು 36 ಹೇರ್‌ಪಿನ್ ತಿರುವುಗಳಲ್ಲಿ ಇಳಿಸಿಬಿಡುತ್ತದೆ. 2018ರ ಅಕ್ಟೋಬರಿನಲ್ಲಿ ಚೆನ್ನೈಯಿಂದ ಬಂದ ಪ್ರವಾಸಿಗರ ಕಾರೊಂದು ಈ ಘಾಟಿಯಲ್ಲಿ ಕಮರಿಗೆ ಉರುಳಿ ಹಲವರು ಪ್ರಾಣ ಕಳೆದುಕೊಂಡರು. ಕಾರು ಬಿದ್ದ ಸಂಗತಿ ಬೆಳಕಿಗೆ ಬಂದುದು ಎರಡು ದಿನಗಳ ತರುವಾಯ. ಆ ಬಳಿಕ ಹೊರಗಿನ ವಾಹನಗಳು ಇಲ್ಲಿ ಇಳಿಯದಂತೆ ಪೊಲೀಸರು ನಿರ್ಬಂಧ ವಿಧಿಸಿದರು. ಒಂದು ಇಡೀ ಕಾರು ಎರಡು ದಿನ ಯಾರ ಕಣ್ಣಿಗೂ ಬೀಳದೆ ಇರಬಲ್ಲ ಇಂತಹ ರಸ್ತೆಯಲ್ಲಿ ಮೋಟಾರ್ ಸೈಕಲಿನ ಪಾಡೇನು ಎಂಬುದನ್ನು ವಾಚಕರೇ ಊಹಿಸಬಹುದು.

ಶಾಲೆಯಲ್ಲಿ ಮಾಡಿಸುತ್ತಿದ್ದ ಲೆಕ್ಕವೊಂದನ್ನು ಇಲ್ಲಿ ಮಾಡೋಣ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಏರುವವನೂ ಇಳಿಯುವವನೂ ಇದೇ ವೇಗದಲ್ಲಿದ್ದರೆ ಇಬ್ಬರ ನಡುವಿನ ಅಂತರ ಸೆಕೆಂಡಿಗೆ 22 ಮೀಟರಿನಂತೆ ಕರಗುತ್ತದೆ. ತಿರುವಿನಲ್ಲಿ ನಮಗೆ ಕಾಣುವ ರಸ್ತೆ 30 ಮೀಟರ್ ಎಂದಿಟ್ಟುಕೊಳ್ಳಿ. ಒಬ್ಬರನ್ನೊಬ್ಬರು ಕಂಡ ಗಳಿಗೆಯಿಂದ ಡಿಕ್ಕಿಯಾಗುವವರೆಗೆ ಇರುವ ಅವಧಿ ಒಂದೂವರೆ ಸೆಕೆಂಡಿಗೂ ಕಡಮೆ. ಕಣ್ಣು ಕಂಡುದನ್ನು ಬುದ್ಧಿ ಗ್ರಹಿಸಿ, ಕೈಕಾಲು ಬ್ರೇಕನ್ನು ಮುಟ್ಟುವುದಕ್ಕೇ ಒಂದು ಸೆಕೆಂಡು ಬೇಕು. ಒದ್ದೆ ರಸ್ತೆಯಲ್ಲಿ ಉಳಿದ ಅರೆ ಸೆಕೆಂಡಿನಲ್ಲಿ ಯಾವ ಬ್ರೇಕೂ ಬಂಡಿಯನ್ನು ನಿಲ್ಲಿಸಲಾರದು. ಇದೇ ವೇಗವನ್ನು ಇಬ್ಬರೂ 20ಕ್ಕೆ ಇಳಿಸಿದರೆ ಅವಧಿ ಇಮ್ಮಡಿಯಾಗುತ್ತದೆ; ನಿಲ್ಲಲು ಬೇಕಾಗುವ ಬ್ರೇಕಿನ ದೂರವಾದರೋ ಕಾಲುಭಾಗಕ್ಕೆ ಇಳಿಯುತ್ತದೆ. ಕಾಣುವಷ್ಟು ದೂರದ ಅರ್ಧದೊಳಗೆ ನಿಲ್ಲಬಲ್ಲಷ್ಟೇ ವೇಗ ಘಾಟಿಗೆ ಸರಿ. ಉಳಿದರ್ಧ ಎದುರಿನವನದು.

ತಿರುವಿನಲ್ಲಿ ರಸ್ತೆಯ ಯಾವ ಜಾಗದಲ್ಲಿರಬೇಕೆಂಬುದು ಬೆಳಕಿಗಿಂತಲೂ ಬಟ್ಟೆಗಿಂತಲೂ ಮುಖ್ಯವೆಂಬುದು ನನ್ನ ಅಭಿಪ್ರಾಯ. ಬಲಕ್ಕೆ ಹೊರಳುವಾಗ ಬಂಡಿ ಬಲಕ್ಕೆ ವಾಲುತ್ತದೆ. ಚಕ್ರಗಳು ನಡುಗೆರೆಯಿಂದ ಈಚೆಗೇ ಇದ್ದರೂ ಸವಾರನ ತಲೆ ಮತ್ತು ಹೆಗಲು ಗೆರೆಯನ್ನು ದಾಟಿ ಆಚೆ ಚಾಚಿರುತ್ತವೆ. ತಾನು ತನ್ನ ಪಾಲಿನಲ್ಲೇ ಇದ್ದೇನೆಂದು ಅವನು ನಂಬಿರುತ್ತಾನೆ. ಎದುರಿನ ಬಸ್ಸಿನ ಮೂಲೆ ಅವನ ತಲೆಯಿರುವ ಜಾಗಕ್ಕೇ ಬರುತ್ತದೆ. ಆದುದರಿಂದ ಬಲ ತಿರುವಿಗೆ ಮುನ್ನವೇ ಎಡಕ್ಕೆ ಸರಿದಿರಬೇಕು. ಹೀಗೆ ಸರಿದರೆ ತಿರುವಿನಾಚೆಯ ರಸ್ತೆ ನಮಗೂ ಮೊದಲೇ ಕಾಣುತ್ತದೆ, ನಾವೂ ಎದುರಿನವನಿಗೆ ಮೊದಲೇ ಕಾಣುತ್ತೇವೆ. ಎಡ ತಿರುವಿನಲ್ಲಿ ಬಂಡೆಗೆ ಅಂಟಿಕೊಂಡು ಹೋದರೆ ಎರಡೂ ಇಲ್ಲ. ನಮ್ಮ ಪಾಲಿನ ನಡುಮಧ್ಯದಲ್ಲಿರುವುದು ಲೇಸು. ನೇರ ರಸ್ತೆಯಲ್ಲಿ ತೀರ ಅಂಚಿಗೆ ಹೋಗುವುದನ್ನು ವಿನಯವೆಂದು ಎಷ್ಟೋ ಮಂದಿ ತಿಳಿದಿದ್ದಾರೆ. ಅಂಚಿನವನು ಯಾರ ಕನ್ನಡಿಯಲ್ಲಿಯೂ ಕಾಣನು. ಸಾಲದುದಕ್ಕೆ, ಜಾಗವಿಲ್ಲದೆಡೆಯಲ್ಲಿಯೂ ಹಿಂದಿನ ಕಾರಿಗೆ ನುಗ್ಗುವ ಆಸೆಯನ್ನು ಹುಟ್ಟಿಸುತ್ತಾನೆ.

ಬಸ್ಸುಗಳ ವಿಷಯವನ್ನು ಸ್ವಲ್ಪ ವಿಸ್ತರಿಸುವುದು ಅಗತ್ಯ. ಹೇರ್‌ಪಿನ್ ತಿರುವಿನಲ್ಲಿ ಬಸ್ಸಿನ ಮುಂಚಕ್ರಗಳು ಹೋದ ಜಾಡಿನಲ್ಲಿ ಹಿಂಚಕ್ರಗಳು ಹೋಗುವುದಿಲ್ಲ. ಅವು ಒಳಮಗ್ಗುಲಿಗೆ ಕತ್ತರಿಸಿಕೊಂಡು ಬರುತ್ತವೆ. ಅದಕ್ಕಾಗಿಯೇ ಚಾಲಕನು ಮೊದಲು ಹೊರಮಗ್ಗುಲಿಗೆ ಅಗಲವಾಗಿ ಹೋಗುತ್ತಾನೆ. ಆಗ ಒಳಮಗ್ಗುಲಿನಲ್ಲಿ ಒಂದು ಸಂದು ತೆರೆದುಕೊಳ್ಳುತ್ತದೆ. ಊರಿಗೆ ಹೊಸಬನಾದ ಸವಾರನಿಗೆ ಅದು ತನಗಾಗಿಯೇ ಬಿಟ್ಟ ದಾರಿಯಂತೆ ತೋರಿ, ಒಳಗೆ ನುಗ್ಗುತ್ತಾನೆ. ಬಸ್ಸು ಹೊರಳುತ್ತಲೇ ಆ ಸಂದು ಮುಚ್ಚಿಕೊಳ್ಳುತ್ತದೆ. ಮೇಲೆ ಕುಳಿತ ಚಾಲಕನಿಗೆ ಅಲ್ಲಿ ಒಬ್ಬನಿದ್ದಾನೆಂದು ತಿಳಿಯುವುದೇ ಇಲ್ಲ. ಬಸ್ಸು ತಿರುವಿನಲ್ಲಿರುವುದು ಕಂಡರೆ ತಿರುವಿಗೆ ಮೊದಲೇ ನಿಂತು, ಅದು ಪೂರ್ತಿ ಹೊರಬಂದ ಮೇಲೆ ಮುಂದುವರಿಯತಕ್ಕದ್ದು. ಇಕ್ಕಟ್ಟಾದ ಘಾಟಿಯಲ್ಲಿ ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ನಮ್ಮ ಹಿರಿಯ ಚಾಲಕರ ಸೌಜನ್ಯ ಮಾತ್ರವಲ್ಲ, ಕಾನೂನೂ ಹೌದು. 1989ರ ರಸ್ತೆ ನಿಯಮಗಳಲ್ಲಿಯೂ ಅವುಗಳ ಸ್ಥಾನಕ್ಕೆ ಬಂದ 2017ರ ನಿಯಮಗಳಲ್ಲಿಯೂ ಇದನ್ನು ಹೇಳಿದೆ. ಬಯಲುಸೀಮೆಯಿಂದ ಬರುವ ಕಾರಿನವರಲ್ಲಿ ಬಹುಮಂದಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿದೆಯೆಂದು ಭಾವಿಸಿಕೊಂಡು ಏರುವುದು ಅಪಾಯಕರ.

ಇಳಿಯುವಾಗಿನ ಒಂದು ಸೂಕ್ಷ್ಮವನ್ನು ಪಳಗಿದ ಸವಾರರೂ ಗಮನಿಸಿರಲಿಕ್ಕಿಲ್ಲ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಹಳೆಯ ಪಾಠ, ಒಳ್ಳೆಯ ಪಾಠ. ಎರಡನೆಯ ಗೇರಿನಲ್ಲಿ ಇಂಜಿನ್ನೇ ಬಂಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕು ಕಾಯುವುದಿಲ್ಲ. ಆದರೆ ಇಂಜಿನ್ ಹಿಡಿತದಿಂದ ವೇಗ ತಗ್ಗಿದಾಗ ಹಿಂದಿನ ಕೆಂಪು ಬ್ರೇಕ್ ದೀಪ ಹೊತ್ತುವುದಿಲ್ಲ. ಹಿಂದೆ ಬರುವ ಕಾರಿನವನಿಗೆ ನಾವು ನಿಧಾನವಾದುದರ ಸೂಚನೆಯೇ ಇಲ್ಲ. ತಿರುವಿಗೆ ಮುನ್ನ ಬ್ರೇಕನ್ನು ಎರಡು ಬಾರಿ ಹಗುರವಾಗಿ ಮುಟ್ಟಿ ದೀಪವನ್ನು ಮಿನುಗಿಸುವುದು ಒಳ್ಳೆಯ ರೂಢಿ. ಹಿಂದೆ ಕುಳಿತವರ ಶಾಲು, ಮಳೆಯಂಗಿ, ಸೀಟಿಗೆ ಕಟ್ಟಿದ ಚೀಲ ಇವು ಆ ದೀಪವನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಹಿಂದೆ ಕುಳಿತು ಕೊಡೆ ಬಿಚ್ಚುವವರಿಗೆ ಏನು ಹೇಳಬೇಕೋ ನನಗೆ ತೋಚುವುದಿಲ್ಲ. ಗುಡಲೂರಿನ ಮಳೆಯಲ್ಲಿ ಅದನ್ನೂ ಕಂಡಿದ್ದೇನೆ.

ಗುಡಲೂರು, ನಡುವಟ್ಟಂ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮಂಜುಗಳದೇ ರಾಜ್ಯ. ಕೂನೂರು, ಕೋಟಗಿರಿಯ ಕಡೆಗೆ ಅಕ್ಟೋಬರ್ ಬಳಿಕದ ಮಳೆ ಹೆಚ್ಚು. ಈ ದಿನಗಳಲ್ಲಿ ಕಾರಿನ ಒಳಗಿನವರ ಸ್ಥಿತಿಯನ್ನು ನಾವು ನೆನೆಯಬೇಕು. ಗಾಜುಗಳನ್ನು ಏರಿಸಿ ಕುಳಿತ ನಾಲ್ಕೈದು ಜನರ ಉಸಿರಿನಿಂದ ಒಳಗೆಲ್ಲ ಆವಿ ಕಟ್ಟಿರುತ್ತದೆ. ಒರೆಸಿಕೊಂಡ ಅಷ್ಟು ಜಾಗವನ್ನು ಬಿಟ್ಟರೆ ಚಾಲಕನಿಗೆ ಬೇರೇನೂ ಕಾಣದು. ಪಕ್ಕದ ಕನ್ನಡಿಗಳ ಮೇಲೆ ನೀರಿನ ಹನಿಗಳು. ಒಳಗೆ ಹಾಡು ನಡೆದಿರುವುದರಿಂದ ನಮ್ಮ ಹಾರ್ನ್ ಕೂಡ ಅವನಿಗೆ ಕೇಳಿಸದು. ಇಂತಹ ಕಾರಿನ ಮಗ್ಗುಲಲ್ಲಿ ಉಳಿದುಕೊಳ್ಳುವ ಸವಾರನು ಆ ಚಾಲಕನ ಪಾಲಿಗೆ ಇಲ್ಲವೇ ಇಲ್ಲ. ಹಿಂದಿರಬೇಕು, ಇಲ್ಲವೆ ಜಾಗ ಸ್ಪಷ್ಟವಾಗಿ ಕಂಡಾಗ ದಾಟಿ ಮುಂದೆ ಹೋಗಬೇಕು, ಪಕ್ಕದಲ್ಲಿ ತಂಗಬಾರದು. ಕಾರಿನ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣಿಸದಿದ್ದರೆ ನಾವೂ ಅವನಿಗೆ ಕಾಣಿಸುವುದಿಲ್ಲ.

ಮಂಜಿನಲ್ಲಿ ದೀಪವನ್ನು ಮೇಲಕ್ಕೆ ಹಾಯಿಸಿದರೆ ಹೆಚ್ಚು ಕಾಣುವುದೆಂಬುದು ತಪ್ಪು. ಮಂಜಿನ ಕಣಗಳು ಬೆಳಕನ್ನು ನಮ್ಮ ಕಣ್ಣಿಗೇ ಹಿಂದಿರುಗಿಸಿ ಬಿಳಿಯ ಗೋಡೆಯನ್ನು ಕಟ್ಟುತ್ತವೆ. ಡಿಮ್ ಮಾಡಿದ ದೀಪವೇ ಸರಿ. ಹಿಂದಿನ ಕೆಂಪು ದೀಪವನ್ನು ಹೊರಡುವ ಮುನ್ನವೇ ಬಟ್ಟೆಯಿಂದ ಒರೆಸಿರಬೇಕು. ನಮ್ಮ ಕೆಸರು ರಸ್ತೆಯಲ್ಲಿ ಹತ್ತು ಮೈಲಿ ಬಂದ ಬಂಡಿಯ ದೀಪ ಕೆಂಪಾಗಿರದೆ ಕಂದಾಗಿರುತ್ತದೆ.

ಹಗಲಿನಲ್ಲಿಯೂ ಮುಂದೀಪ ಉರಿಯಬೇಕೆಂಬ ನಿಯಮ ಹೊಸ ದ್ವಿಚಕ್ರ ವಾಹನಗಳಿಗೆ 2017ರ ಏಪ್ರಿಲ್ 1ರಿಂದ ಬಂದಿತು. ಅಲ್ಲಿಂದಾಚೆಗೆ ತಯಾರಾದ ಬಂಡಿಗಳಲ್ಲಿ ಇಂಜಿನ್ ಚಾಲೂ ಆದೊಡನೆ ದೀಪ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆರಂಭದಲ್ಲಿ ಎದುರಿಗೆ ಬಂದವರೆಲ್ಲ ಕೈಬೆರಳುಗಳನ್ನು ಮಿಟುಕಿಸಿ “ಲೈಟು ಉರಿಯುತ್ತಿದೆ” ಎಂದು ಎಚ್ಚರಿಸುತ್ತಿದ್ದರು. ಅಷ್ಟರಮಟ್ಟಿಗೆ ಅವರು ಸವಾರನನ್ನು ಕಂಡಿದ್ದರಲ್ಲ! ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ತಯಾರಿಸಿದ ಎಜ್ದಿ ಬಂಡಿಗಳು ಈ ಬೆಟ್ಟಗಳಲ್ಲಿ ಇನ್ನೂ ಕೆಲವು ಓಡುತ್ತಿವೆ. ಅವುಗಳ ಮೇಲೆ ನನಗೂ ಮಮತೆಯಿದೆ, ಬಹುಕಾಲ ಅಂತಹುದೊಂದರಲ್ಲೇ ಶಾಲೆಗೆ ಬಂದವನು. ಅಂತಹ ಹಳೆಯ ಬಂಡಿಯವರು ಹಗಲಿನಲ್ಲಿ ಕೈಯಾರೆ ದೀಪ ಹೊತ್ತಿಸಿಕೊಳ್ಳಬೇಕು.

ಬಟ್ಟೆಯ ಬಣ್ಣದ ವಿಷಯ. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊಳೆಯುವ ಅಥವಾ ಬೆಳಕನ್ನು ಪ್ರತಿಫಲಿಸುವ ಮೇಲುಡುಪು ಧರಿಸಿದವರಿಗೆ ಅಪಘಾತದಲ್ಲಿ ಗಾಯಗೊಳ್ಳುವ ಸಂಭವ ನೂರಕ್ಕೆ 37ರಷ್ಟು ಕಡಮೆ. ಕಪ್ಪು ಹೆಲ್ಮೆಟ್ಟಿಗೆ ಹೋಲಿಸಿದರೆ ಬಿಳಿಯ ಹೆಲ್ಮೆಟ್ಟಿನವರಿಗೆ 24ರಷ್ಟು ಕಡಮೆ. ಹಗಲಿನಲ್ಲಿ ದೀಪ ಹೊತ್ತಿಸಿದವರಿಗೆ 27ರಷ್ಟು ಕಡಮೆ. ನಮ್ಮ ಬೆಟ್ಟದ ಹುಡುಗರು ಮೆಚ್ಚುವುದು ಕಪ್ಪು ಜರ್ಕಿನ್, ಕಪ್ಪು ಹೆಲ್ಮೆಟ್, ಕಪ್ಪು ಬಂಡಿ. ಕಪ್ಪು ಡಾಂಬರಿನ ಮೇಲೆ, ಚಹದ ತೋಟದ ಕಡುಹಸಿರಿನ ಮುಂದೆ, ನೀಲಗಿರಿ ಮರಗಳ ನೆರಳಿನಲ್ಲಿ ಇದಕ್ಕಿಂತ ಉತ್ತಮವಾದ ಅಡಗುವೇಷ ಬೇರೊಂದಿಲ್ಲ. ನಮ್ಮ ಬಡಗ ಬಂಧುಗಳ ಹಿರಿಯರು ಬಿಳಿಯ ಮುಂಡಾಸು, ಬಿಳಿಯ ಹೊದಿಕೆಯಲ್ಲಿ ನಡೆದು ಬರುತ್ತಿದ್ದರೆ ಎದುರಿನ ಗುಡ್ಡದಿಂದಲೇ ಗುರುತಿಸಬಹುದಾಗಿತ್ತು.

ಅಂಗಡಿಗಳಲ್ಲಿ ‘ರೇಡಿಯಂ’ ಎಂದು ಮಾರುವ ಪಟ್ಟಿಯಲ್ಲಿ ರೇಡಿಯಂ ಇಲ್ಲ. ಅದರೊಳಗಿನ ಸೂಕ್ಷ್ಮವಾದ ಗಾಜಿನ ಮಣಿಗಳೋ ಪಟ್ಟಕಗಳೋ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಕಾರಿನ ದೀಪ ಬಿದ್ದಾಗ ಮಾತ್ರ ಅದು ಹೊಳೆಯುತ್ತದೆ. ಹಗಲಿನಲ್ಲಿ ಅದರಿಂದ ಪ್ರಯೋಜನವಿಲ್ಲ. ರಸ್ತೆ ಕೆಲಸದವರು ತೊಡುವ ಕಣ್ಣು ಕುಕ್ಕುವ ಹಳದಿ, ಕಿತ್ತಳೆ ಬಣ್ಣಗಳ ಗುಣ ಬೇರೆ. ಅವು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಬಿಡುತ್ತವೆ. ಮೋಡ ಕವಿದ ಹಗಲಿನಲ್ಲಿ, ಮುಸ್ಸಂಜೆಯಲ್ಲಿ ಅವು ಚೆನ್ನಾಗಿ ಎದ್ದು ಕಾಣುತ್ತವೆ. ಕತ್ತಲಾದ ಮೇಲೆ ಮಾತ್ರ ಆ ವಿಶೇಷ ಉಳಿಯದು. ಹೀಗಾಗಿ ಹಗಲಿಗೊಂದು, ರಾತ್ರಿಗೊಂದು ಎರಡೂ ಬೇಕು. ಕಿತ್ತಳೆ ಬಣ್ಣದ ತೋಳಿಲ್ಲದ ಮೇಲಂಗಿಯೊಂದಕ್ಕೆ ಪಟ್ಟಿಗಳನ್ನು ಹೊಲಿಸಿಕೊಂಡರೆ ಎರಡೂ ಆದಂತಾಯಿತು.

ಆದರೆ ಯಾವ ಬಣ್ಣವೂ ಸೂರ್ಯನೆದುರು ನಡೆಯದು. ಬೆಳಗಿನ, ಸಂಜೆಯ ಓರೆ ಬಿಸಿಲಿನಲ್ಲಿ ನಿಮ್ಮ ನೆರಳು ನಿಮ್ಮ ಮುಂದೆ ಉದ್ದವಾಗಿ ಬಿದ್ದಿದ್ದರೆ, ಎದುರಿನಿಂದ ಬರುವವನ ಕಣ್ಣಿಗೆ ಸೂರ್ಯ ನೇರವಾಗಿ ಹೊಡೆಯುತ್ತಿದ್ದಾನೆಂದು ತಿಳಿಯಿರಿ. ನಿಮಗೆ ರಸ್ತೆ ಅತ್ಯಂತ ಚೆನ್ನಾಗಿ ಕಾಣುವ ಆ ಹೊತ್ತಿನಲ್ಲೇ ನೀವು ಅವನಿಗೆ ಸ್ವಲ್ಪವೂ ಕಾಣುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ತಲೈಕುಂದಾದ ಬಳಿ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಹಾಸಿರುವಾಗ ಕಾರುಗಳ ಮುಂಗಾಜಿನ ಮೇಲೂ ಅದು ಕಟ್ಟಿರುತ್ತದೆ. ಚಾಲಕರು ಅಂಗೈಯಗಲ ಕೆರೆದುಕೊಂಡು ಹೊರಟುಬಿಡುತ್ತಾರೆ.

ಊಟಿಯ ಪೇಟೆಯೊಳಗೆ ಅಪಾಯ ಬೇರೆ ರೂಪದಲ್ಲಿರುತ್ತದೆ. ಕಮರ್ಷಿಯಲ್ ರಸ್ತೆಯಲ್ಲಿಯೂ ಚಾರಿಂಗ್ ಕ್ರಾಸ್ ಸುತ್ತಮುತ್ತಲೂ ನಿಂತ ಕಾರಿನ ಬಾಗಿಲು ಥಟ್ಟನೆ ತೆರೆಯುತ್ತದೆ. ನಿಂತ ಕಾರಿನಲ್ಲಿ ತಲೆಯೊಂದು ಕಂಡರೆ ಒಂದು ಬಾಗಿಲಿನಗಲ ದೂರವಿಟ್ಟು ಹೋಗಬೇಕು. 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದ್ದರೂ ಪುಷ್ಪ ಪ್ರದರ್ಶನದ ಮೇ ತಿಂಗಳಿನಲ್ಲಿ ಬರುವ ಕಾರಿನವರ ಕಣ್ಣು ರಸ್ತೆಯ ಮೇಲೆ ಅರ್ಧ, ಹೋಟೆಲಿನ ಫಲಕಗಳ ಮೇಲೆ ಮತ್ತು ಕೈಫೋನಿನ ನಕ್ಷೆಯ ಮೇಲೆ ಅರ್ಧ.

ತಂದೆತಾಯಿಗಳಿಗೆ ಎರಡು ಮಾತುಗಳನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಎಷ್ಟೇ ಕಾಣುವಂತಿದ್ದರೂ ಒಂದು ದಿನ ಒಬ್ಬನು ಕಾಣದೆ ಹೋಗುತ್ತಾನೆ. ಆ ದಿನಕ್ಕಾಗಿ ಇರುವುದು ಹೆಲ್ಮೆಟ್. ಅನೇಕ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಅಪಘಾತಕ್ಕೆ ಸಿಕ್ಕಿದ ಸವಾರರಲ್ಲಿ ಹೆಲ್ಮೆಟ್ ಮರಣದ ಸಂಭವವನ್ನು ನೂರಕ್ಕೆ 42ರಷ್ಟು, ತಲೆಯ ಗಾಯದ ಸಂಭವವನ್ನು 69ರಷ್ಟು ತಗ್ಗಿಸುವುದು ಕಂಡುಬಂದಿದೆ. ಗಲ್ಲದ ಪಟ್ಟಿ ಬಿಗಿಯದಿದ್ದರೆ ಅದು ತಲೆಗಿಂತ ಮೊದಲು ಹಾರಿಹೋಗುತ್ತದೆ. ಹಿಂದೆ ಕುಳಿತವರಿಗೂ ಅದು ಕಡ್ಡಾಯವೆಂಬುದನ್ನು ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ ತಮಿಳುನಾಡಿನಲ್ಲಿ 2015ರ ಜುಲೈ 1ರಿಂದಲೇ ಜಾರಿಗೆ ತರಲಾಯಿತು. ಆದರೂ ಗಂಡನ ತಲೆಯ ಮೇಲೆ ಹೆಲ್ಮೆಟ್, ಹೆಂಡತಿಯ ತಲೆಯ ಮೇಲೆ ಹೂವು ಮಾತ್ರ, ನಡುವೆ ಬರಿದಲೆಯ ಮಗು ಎಂಬ ದೃಶ್ಯ ದಿನನಿತ್ಯದ್ದು. ನಾಲ್ಕು ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಬೇಕೇ ಬೇಕು. ಅದಕ್ಕಿಂತ ಚಿಕ್ಕ ಮಗುವಿದ್ದರೆ ಸವಾರನಿಗೆ ಬಿಗಿದುಕೊಳ್ಳುವ ಸುರಕ್ಷಾ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರಿನ ಮಿತಿ ಇವು 2023ರ ಫೆಬ್ರವರಿಯಿಂದ ಜಾರಿಯಲ್ಲಿವೆ. ಹದಿನೆಂಟು ತುಂಬದ ಮಗನ ಕೈಗೆ ಗೇರಿನ ಬಂಡಿಯನ್ನು ಕೊಟ್ಟು, ಅವನು ತಪ್ಪೆಸಗಿದರೆ, 2019ರ ತಿದ್ದುಪಡಿಯಂತೆ ತಂದೆಗೆ ಅಥವಾ ಬಂಡಿಯ ಒಡೆಯನಿಗೆ ಮೂರು ವರ್ಷದವರೆಗಿನ ಸೆರೆವಾಸ, 25,000 ರೂಪಾಯಿ ದಂಡ. ಹತ್ತನೆಯ ತರಗತಿ ಪಾಸಾದುದಕ್ಕೆ ಬೈಕಿನ ಉಡುಗೊರೆ ಕೊಡಿಸುವ ಪದ್ಧತಿ ನಮ್ಮ ಜನರಲ್ಲಿ ಬೆಳೆಯುತ್ತಿರುವುದನ್ನು ನೋಡಿ ಇದನ್ನು ಬರೆದಿದ್ದೇನೆ.

ಇನ್ನು ಕಾಡುದಾರಿ. ಮೈಸೂರು, ಬೆಂಗಳೂರುಗಳಲ್ಲಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಹಬ್ಬಕ್ಕೆ ಬರುವುದು ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡಿನ ಮಾರ್ಗವಾಗಿ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಯೋಗ್ಯವಾದುದೇ. ಸವಾರನು ಗಮನಿಸಬೇಕಾದುದು ಅದರ ಎರಡು ಅಂಚುಗಳನ್ನು. ಬಾಗಿಲು ಮುಚ್ಚುವುದರೊಳಗೆ ದಾಟಬೇಕೆಂಬ ಆತುರದಲ್ಲಿ ಎಂಟೂವರೆಯ ಕತ್ತಲೆಯಲ್ಲಿ ಕಾರುಗಳು ಓಡುತ್ತವೆ. ಬೆಳಿಗ್ಗೆ ಆರಕ್ಕೆ ತಡೆ ತೆಗೆದೊಡನೆ ರಾತ್ರಿಯೆಲ್ಲ ಕಾದವರ ಸಾಲು ಒಮ್ಮೆಗೇ ನುಗ್ಗುತ್ತದೆ. ನಿದ್ದೆಗಣ್ಣಿನ ಆ ಸಾಲಿನ ನಡುವೆ ಸೇರಿಕೊಳ್ಳುವುದಕ್ಕಿಂತ ಅರ್ಧ ಗಂಟೆ ತಡೆದು, ಬಿಸಿ ಕಾಫಿ ಕುಡಿದು ಹೊರಡುವುದು ಮೇಲು. ಹಗಲಿನಲ್ಲಿ ಪ್ರವಾಸಿಗರ ಕಾರು ಜಿಂಕೆಯನ್ನೋ ನವಿಲನ್ನೋ ಕಂಡೊಡನೆ ರಸ್ತೆಯ ನಡುವೆಯೇ ನಿಂತುಬಿಡುತ್ತದೆ. ಅಂತಹ ಕಾರಿನ ಹಿಂದೆ ಮೂರು ಸೆಕೆಂಡಿನ ಅಂತರವಿರಲಿ. ಮುಂದಿನ ಕಾರು ಒಂದು ಮರವನ್ನು ದಾಟಿದೊಡನೆ ಎಣಿಸತೊಡಗಿ, ನೀವು ಆ ಮರವನ್ನು ಮುಟ್ಟುವಷ್ಟರಲ್ಲಿ ಮೂರು ಎಣಿಸಿ ಮುಗಿದಿರಬೇಕು.

ಆನೆ ರಸ್ತೆಯಲ್ಲಿ ನಿಂತಿರುವಾಗ ಮಾತ್ರ ಇದುವರೆಗೆ ಹೇಳಿದುದೆಲ್ಲ ತಲೆಕೆಳಗಾಗುತ್ತದೆ. ದೀಪ ಮಿನುಗಿಸಬಾರದು, ಹಾರ್ನ್ ಒತ್ತಬಾರದು, ಇಂಜಿನ್ ರೊಯ್ಯೆನ್ನಿಸಬಾರದು. ಅದಕ್ಕೆ ನಾವು ಕಾಣದಷ್ಟೂ ಕೇಳದಷ್ಟೂ ಒಳ್ಳೆಯದು. ದೂರದಲ್ಲೇ ನಿಂತು, ಹಿಂದಿರುಗಲು ಜಾಗವನ್ನು ಇಟ್ಟುಕೊಂಡು, ಅದು ಕಾಡಿಗೆ ಇಳಿಯುವವರೆಗೆ ಕಾಯಬೇಕು. ಹಿಂದಿನಿಂದ ಬಸ್ಸು ಬಂದರೆ ಅದನ್ನು ಮುಂದೆ ಬಿಟ್ಟು ಅದರ ಹಿಂದೆ ನಿಲ್ಲುವುದು ಇಲ್ಲಿನವರ ರೂಢಿ. ಹಾಗೆ ನಿಂತಾಗ ಸಾಲಿನ ಕೊನೆಯವರು ನೀವೇ ಆಗಿದ್ದು, ನಿಮ್ಮ ಬೆನ್ನ ಹಿಂದೆ ತಿರುವಿದ್ದರೆ, ಬಂಡಿಯನ್ನು ಎಡಕ್ಕೆ ಸರಿಸಿ, ಬ್ರೇಕನ್ನು ಹಿಡಿದೇ ಇರಿ. ಮುಂದಿರುವ ಆನೆಗೆ ಆ ಕೆಂಪು ದೀಪ ಕಾಣದು. ತಿರುವಿನಿಂದ ಬರುವ ಕಾರಿಗೆ ಕಾಣುತ್ತದೆ.